ತುಂಗಭದ್ರಾ ಎಡದಂಡೆಯ ಭತ್ತದ ತಳಿಗಳು : ಸಿದ್ಧತೆಯ ನಿರ್ಣಯವನ್ನು ಕುರಿತ ಒಂದು ವಿವೇಚನೆ

೧

ರಾಯಚೂರು ಜಿಲ್ಲೆಯ ಮಸ್ಕಿಯು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವುದು ಅಲ್ಲಿಯ ಅಶೋಕ ಶಾಸನದಿಂದ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀಲಿಪಿಯ ಓದನ್ನು ಸಾಧಿಸಿದಾಗ, ಬಂಡೆಗಳ ಮೇಲೂ ಕಂಬಗಳ ಮೇಲೂ ತನ್ನನ್ನು ದೇವಾನಂಪಿಯ ಪಿಯದಸಿ ಎಂದು ಕರೆದುಕೊಂಡಿರುವ ಅರಸನು ಯಾರೆಂಬುದು ತಿಳಿದಿರಲಿಲ್ಲ. ಆತನು ಸಿಂಹಳದ ದೊರೆಯಾಗಿರಬೇಕೆಂದು ಮೊದಲು ಊಹಿಸಲಾಯಿತು. ಅನಂತರ ಜಾರ್ಜ್ ಟರ್ನರನು ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ ಆತನೇ ಮೌರ್ಯ ಅಶೋಕನೆಂದು ತೋರಿಸಿದನು. ಅಶೋಕನೆಂಬ ಹೆಸರನ್ನೇ ಹೊತ್ತ ಶಾಸನವು ಮಸ್ಕಿಯಲ್ಲಿ ಬೆಳಕಿಗೆ ಬಂದದ್ದು ೧೯೧೫ರಲ್ಲಿ. ಗಣಿಯ ಎಂಜಿನಿಯರನಾದ ಸಿ. ಬೀಡನ್ ಅದನ್ನು ಕಂಡನು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು.

ಈ ನಡುವಣ ೭೮ ವರ್ಷಗಳಲ್ಲಿ ವಿದ್ವಾಂಸರು ಸುಮ್ಮನೆ ಕುಳಿತಿರಲಿಲ್ಲ. ಟರ್ನರನ ಗುರುತನ್ನು ಒಪ್ಪಿ ಅದರ ಮೇಲೆಯೇ ಮೌರ್ಯರ ಇತಿಹಾಸವನ್ನು ಕಟ್ಟಿದ್ದರು. ಸಂಶಯವು ಪೂರ್ಣವಾಗಿ ಅಳಿಯುವವರೆಗೆ ಅವರು ಕಾದಿದ್ದರೆ ಮೂರು ತಲೆಮಾರಿನ ಕೆಲಸವೇ ನಿಲ್ಲುತ್ತಿದ್ದಿತು. ಸಂಶಯವನ್ನೇ ಲೆಕ್ಕಿಸದೆ ಮೊದಲ ಊಹೆಯನ್ನು ಹಿಡಿದಿದ್ದರೆ ಆ ಕಟ್ಟಡವು ಸಿಂಹಳದ ಅರಸನ ಹೆಸರಿನಲ್ಲಿ ಏಳುತ್ತಿದ್ದಿತು. ಒಂದು ವಿಷಯವು ಇತರರ ಕೈಗೆ ಒಪ್ಪಿಸಲು ಸಿದ್ಧವಾಗಿದೆಯೆಂದು ಯಾವಾಗ ಹೇಳಬಹುದು? ಉಳಿದ ಸಂಶಯದ ಭಾರವನ್ನು ಯಾರು ಹೊರಬೇಕು? ಈ ಪ್ರಶ್ನೆಯು ಶಾಸನಶಾಸ್ತ್ರಕ್ಕೆ ಮಾತ್ರ ಸೇರಿದ್ದಲ್ಲ. ಮಸ್ಕಿಯ ಆ ಬೆಟ್ಟದಿಂದ ಅನತಿದೂರದಲ್ಲಿಯೇ, ಸಿಂಧನೂರಿನ ಭತ್ತದ ಗದ್ದೆಗಳಲ್ಲಿ, ಇದೇ ಪ್ರಶ್ನೆಯನ್ನು ಕಳೆದ ಆರು ದಶಕಗಳಿಂದ ಪ್ರತಿ ಹಂಗಾಮಿನಲ್ಲಿಯೂ ಕೇಳಲಾಗುತ್ತಿದೆ. ಹೊಸ ತಳಿಯೊಂದು ಅದನ್ನು ರೂಪಿಸಿದವನ ಪಾತಿಯಿಂದ ಪರೀಕ್ಷೆಯ ಕಣಕ್ಕೆ, ಅಲ್ಲಿಂದ ರೈತನ ಹೊಲಕ್ಕೆ ಹೋಗಲು ಯಾವಾಗ ಅರ್ಹವಾಗುತ್ತದೆಂಬ ನಿರ್ಣಯದ ಇತಿಹಾಸವನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲು ಯತ್ನಿಸಿದ್ದೇವೆ.

೨

ಕಾಲುವೆ ಬರುವ ಮುನ್ನ ಈ ದೋಆಬ ಸೀಮೆಯು ಒಣಬೇಸಾಯದ ನಾಡಾಗಿದ್ದಿತು. ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ಮತ್ತು ಹತ್ತಿ, ಮಸಾರಿಯಲ್ಲಿ ಸಜ್ಜೆ, ನವಣೆ, ತೊಗರಿಗಳು ಬೆಳೆಯುತ್ತಿದ್ದವು. ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವವರಿಗೆ ಹಸುರು ಗದ್ದೆಗಳು ಹಿಂದೆ ಸರಿದು, ಹಳೆಯ ಬೆಳೆಗಳ ಹೊಲಗಳು ಇಂದಿಗೂ ಎದುರಾಗುತ್ತವೆ. ಆ ಬೇಸಾಯದಲ್ಲಿ ಬಿತ್ತನೆ ಬೀಜದ ಪರೀಕ್ಷೆಯು ಒಕ್ಕಲಿನ ಮನೆಯೊಳಗೇ ನಡೆಯುತ್ತಿದ್ದಿತು. ಕೊಯ್ಲಿಗೆ ಮುಂಚೆ ಹೊಲದಲ್ಲಿ ನಡೆದು ಒಳ್ಳೆಯ ತೆನೆಗಳನ್ನು ಆಯ್ದು ಬೇರೆ ಇಡುವುದು, ಒದ್ದೆ ಬಟ್ಟೆಯಲ್ಲಿ ಒಂದು ಹಿಡಿ ಕಾಳು ಕಟ್ಟಿ ಮೊಳಕೆ ನೋಡುವುದು, ಬೀಗರ ಊರಿನಿಂದ ತಂದ ಹೊಸ ಬೀಜವನ್ನು ಹೊಲದ ಒಂದು ಮೂಲೆಯಲ್ಲಿ ಮಾತ್ರ ಬಿತ್ತಿ ಎರಡು ಮೂರು ವರ್ಷ ಕಾಯುವುದು ರೂಢಿಯಾಗಿದ್ದಿತು.

ಈ ಪದ್ಧತಿಯಲ್ಲಿ ಗಮನಿಸತಕ್ಕ ಲಕ್ಷಣವೊಂದುಂಟು. ಪರೀಕ್ಷೆ ಮಾಡುವವನೂ, ಅದರ ಫಲವನ್ನು ಉಣ್ಣುವವನೂ, ಸೋತರೆ ನಷ್ಟವನ್ನು ಹೊರುವವನೂ ಒಬ್ಬನೇ ಆಗಿದ್ದನು. ಆದುದರಿಂದ ಸಿದ್ಧತೆಯ ಪ್ರಶ್ನೆಯು ವಿವಾದಕ್ಕೆ ಆಸ್ಪದ ಕೊಡುತ್ತಿರಲಿಲ್ಲ. ತನ್ನ ಹೊಲದ ಎಷ್ಟು ಭಾಗವನ್ನು ಪಣಕ್ಕೆ ಒಡ್ಡಬಹುದೆಂಬುದನ್ನು ಅವನೇ ಬಲ್ಲವನಾಗಿದ್ದನು. ಈ ಮೂರು ಪಾತ್ರಗಳು ಬೇರೆ ಬೇರೆ ಜನರ ಪಾಲಿಗೆ ಹಂಚಿಹೋದಾಗಲೇ ನಮ್ಮ ಇತಿಹಾಸದ ಮುಖ್ಯ ಅಧ್ಯಾಯವು ಆರಂಭವಾಗುತ್ತದೆ.

೩

ತುಂಗಭದ್ರೆಯ ನೀರನ್ನು ಎರೆ ಭೂಮಿಗೆ ಹರಿಸುವ ಯೋಜನೆಯಲ್ಲಿ ಪರೀಕ್ಷೆಯು ನೀರಿಗಿಂತ ಮೊದಲೇ ಬಂದಿತು. ಎರೆ ನೆಲವು ನೀರಾವರಿಯನ್ನು ತಾಳಬಲ್ಲುದೇ ಎಂಬುದನ್ನು ಅರಿಯಲು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದಲ್ಲಿ ೧೯೩೭ರಲ್ಲಿಯೇ ಕೃಷಿ ಸಂಶೋಧನ ಕೇಂದ್ರವು ಸ್ಥಾಪಿತವಾಯಿತು. ಅಣೆಕಟ್ಟಿನ ಶಂಕುಸ್ಥಾಪನೆಯಾದದ್ದು ೧೯೪೫ರಲ್ಲಿ. ಕಾಲುವೆಗಳಿಗೆ ನೀರು ಬಿಟ್ಟದ್ದು ೧೯೫೩ರಲ್ಲಿ. ಅಂದರೆ ನೆಲದ ಪರೀಕ್ಷೆಗೆ ೧೬ ವರ್ಷಗಳ ಅವಕಾಶ ದೊರೆತಿದ್ದಿತು.

ಎಡದಂಡೆಯ ಕಾಲುವೆಯನ್ನು ಯೋಜಿಸಿದವರ ಉದ್ದೇಶವು ಕೊಂಚ ನೀರನ್ನು ಬಹು ವಿಸ್ತಾರಕ್ಕೆ ಹಂಚುವುದಾಗಿದ್ದಿತು. ಯಾವ ಸರ್ವೆ ನಂಬರಿನಲ್ಲಿ ಯಾವ ಹಂಗಾಮಿನ ಯಾವ ಬೆಳೆ ಎಂಬುದನ್ನು ಮೊದಲೇ ಗೊತ್ತುಮಾಡಲಾಗಿದ್ದು, ಭತ್ತಕ್ಕೆ ಮೀಸಲಾದ ಭಾಗವು ಅಲ್ಪವಾಗಿದ್ದಿತು. ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ವಲಸೆ ಬಂದ ಅನುಭವಸ್ಥ ರೈತರು ಸಿಂಧನೂರಿನ ಸುತ್ತ ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ನೆಲವನ್ನು ಸಮಮಾಡಿ ಭತ್ತ ನಾಟಿಮಾಡಿದರು. ಊರಿನ ರೈತರೂ ಅವರನ್ನು ಅನುಸರಿಸಿದರು. ಕಾಲುವೆಯ ತಲೆಭಾಗದಲ್ಲಿ ಭತ್ತವು ವ್ಯಾಪಿಸಿದಷ್ಟೂ ಕೊನೆಭಾಗಕ್ಕೆ ನೀರು ಕುಗ್ಗಿತು. ನೆಲವನ್ನು ೧೬ ವರ್ಷ ಪರೀಕ್ಷಿಸಿದ ಯೋಜನೆಯು ಬಳಸುವವರ ಇಚ್ಛೆಯನ್ನು ಪರೀಕ್ಷಿಸಿರಲಿಲ್ಲ. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಡಬೇಕಾಗಿ ಕೋರುತ್ತೇವೆ.

೪

ಭತ್ತದ ಸೀಮೆಯಾದ ಮೇಲೆ ಯಾವ ಭತ್ತವೆಂಬ ಪ್ರಶ್ನೆ ಬಂದಿತು. ಅದೇ ಸಮಯಕ್ಕೆ ದೇಶದ ಆಹಾರಸ್ಥಿತಿಯು ವಿಷಮವಾಗಿದ್ದಿತು. ೧೯೬೬ರಲ್ಲಿ ಭಾರತವು ಮೆಕ್ಸಿಕೋವಿನಿಂದ ೧೮,೦೦೦ ಟನ್ ಗೋಧಿಯ ಬಿತ್ತನೆ ಬೀಜವನ್ನು ತರಿಸಿಕೊಂಡದ್ದು ಪ್ರಸಿದ್ಧವಾದ ವಿಷಯ. ಕೆಲವೇ ಹಂಗಾಮುಗಳ ಪರೀಕ್ಷೆಯ ಆಧಾರದ ಮೇಲೆ ಕೈಗೊಂಡ ಆ ನಿರ್ಣಯವು ಸಾರ್ಥಕವಾಯಿತು. ಆದರೂ ಆ ಗೋಧಿಯ ಕೆಂಪು ಕಾಳು ಜನರಿಗೆ ರುಚಿಸಲಿಲ್ಲ. ಮೆಕ್ಸಿಕೋ ಮೂಲದ ಸಂತತಿಗಳಿಂದಲೇ ಇಲ್ಲಿ ಆಯ್ದು ತೆಗೆದ ಕಲ್ಯಾಣಸೋನಾ, ಸೋನಾಲಿಕಾಗಳು ಅದರ ಸ್ಥಾನವನ್ನು ಪಡೆದವು. ಭತ್ತದಲ್ಲಿ ತೈವಾನಿನ ತೈಚುಂಗ್ ನೇಟಿವ್ ೧ ಎಂಬ ಗಿಡ್ಡ ತಳಿಯನ್ನು ಇದೇ ಅವಸರದಲ್ಲಿ ಹರಡಲಾಯಿತು. ಅದು ಗೊಬ್ಬರಕ್ಕೆ ಚೆನ್ನಾಗಿ ಸ್ಪಂದಿಸಿತು. ಆದರೆ ದುಂಡಾಣು ಅಂಗಮಾರಿ ರೋಗಕ್ಕೆ ಸುಲಭವಾಗಿ ತುತ್ತಾಯಿತು. ಹಸಿದ ದೇಶವು ಕಾಯಲಾರದು. ಕಾಯದಿದ್ದುದರ ಬೆಲೆಯನ್ನು ಗದ್ದೆಯು ತೆತ್ತಿತು.

ಈ ಅನುಭವದ ನಡುವೆಯೇ ನಿಯತವಾದ ವ್ಯವಸ್ಥೆಯೊಂದು ರೂಪುಗೊಂಡಿತು. ೧೯೬೫ರಲ್ಲಿ ಹೈದರಾಬಾದನ್ನು ಕೇಂದ್ರವಾಗಿಟ್ಟುಕೊಂಡು ಅಖಿಲ ಭಾರತ ಸಮನ್ವಿತ ಭತ್ತ ಅಭಿವೃದ್ಧಿ ಯೋಜನೆಯು ಆರಂಭವಾಯಿತು. ಅದರ ಮೂಲಕ ೧೯೬೮ರಲ್ಲಿ ಬಿಡುಗಡೆಯಾದ ಜಯಾ ತಳಿಯು ಫಿಲಿಪ್ಪೀನ್ಸಿನ ಐ.ಆರ್. ೮ಕ್ಕೆ ಸರಿಸಾಟಿಯಾಗಿ ನಿಂತಿತು. ಈ ವ್ಯವಸ್ಥೆಯ ಮುಖ್ಯ ಗುಣವೇನೆಂದರೆ, ಅದು ಒಂದೇ ಬಾಗಿಲನ್ನಲ್ಲ, ಸಾಲು ಬಾಗಿಲುಗಳನ್ನು ನಿರ್ಮಿಸಿತು. ಪ್ರತಿ ಬಾಗಿಲಿನಲ್ಲಿಯೂ ಕೇಳುವ ಪ್ರಶ್ನೆಯು ಬೇರೆ.

ಮೊದಲನೆಯ ಬಾಗಿಲು ತಳಿಯನ್ನು ರೂಪಿಸಿದವನ ಕೇಂದ್ರದಲ್ಲಿಯೇ ಇರುತ್ತದೆ. ಗಂಗಾವತಿ, ಸಿರುಗುಪ್ಪಗಳು ಈ ಭಾಗದ ಅಂತಹ ಕೇಂದ್ರಗಳು. ಎರಡು ತಳಿಗಳನ್ನು ಸಂಕರಿಸಿದಾಗ ಹುಟ್ಟುವ ಸಂತತಿಯು ಆರಂಭದ ತಲೆಮಾರುಗಳಲ್ಲಿ ಚದರಿಹೋಗುತ್ತದೆ; ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ; ಒಂದರ ಕಾಳು ದಪ್ಪ, ಇನ್ನೊಂದರದು ಸಣ್ಣ. ಆಯುತ್ತಾ ಹೋಗಿ ಐದಾರು ತಲೆಮಾರುಗಳ ಅನಂತರ ಅದು ಒಂದೇ ರೂಪಕ್ಕೆ ನಿಲ್ಲುತ್ತದೆ. ಹೀಗೆ ನೆಲೆನಿಂತಿರಬೇಕು, ಕೇಂದ್ರದ ಪ್ರಯೋಗಗಳಲ್ಲಿ ಹೋಲಿಕೆಯ ತಳಿಯನ್ನು ಮೀರಿರಬೇಕು, ಕಣ್ಣಿಗೆ ಕಾಣುವ ಮಹಾದೋಷವಿರಕೂಡದು, ಹಲವು ಕೇಂದ್ರಗಳಿಗೆ ಹಂಚುವಷ್ಟು ಶುದ್ಧ ಬೀಜವಿರಬೇಕು. ಇಷ್ಟಿದ್ದರೆ ಅದು ಪರೀಕ್ಷೆಗೆ ಸಿದ್ಧವೆನ್ನಬಹುದು. ಇದು ಒಳ್ಳೆಯ ತಳಿಯೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ; ಇದರ ಮೇಲೆ ಇತರರ ನೆಲ, ನೀರು, ಶ್ರಮಗಳನ್ನು ಒಂದು ಹಂಗಾಮಿನ ಮಟ್ಟಿಗೆ ವ್ಯಯಮಾಡುವುದು ಯುಕ್ತವೇ ಎಂದಷ್ಟೇ ಕೇಳುತ್ತಾರೆ. ಈ ಎರಡು ಪ್ರಶ್ನೆಗಳ ಭೇದವನ್ನು ಮರೆತಾಗಲೇ ನಿರ್ಣಯಗಳು ತಪ್ಪುತ್ತವೆ. ನೆಲೆನಿಲ್ಲದ ಸಂತತಿಯನ್ನು ಬೇಗನೆ ಕಳುಹಿಸಿದರೆ ನೂರು ಕಡೆಯಿಂದ ಬಂದ ಅಂಕಿಗಳು ಒಂದೇ ತಳಿಗೆ ಸೇರಿದವಾಗಿರುವುದಿಲ್ಲ. ಕುಂದೆಲ್ಲವೂ ಕಳೆಯಲೆಂದು ತಡೆದರೆ, ಕೇಂದ್ರದಲ್ಲಿ ಎಂದೂ ಕಾಣಿಸದ ಕುಂದುಗಳು ಹೊರಗೆ ಕಾಣಿಸುವ ಅವಕಾಶವೇ ತಪ್ಪುತ್ತದೆ.

ಅನಂತರದ ಬಾಗಿಲುಗಳು ದೇಶವ್ಯಾಪಿಯಾದವು. ಪ್ರತಿ ತಳಿಗೂ ಒಂದು ಸಂಖ್ಯೆ ಕೊಟ್ಟು, ಅದು ಯಾರದೆಂಬುದನ್ನು ಮರೆಮಾಡಿ, ಪ್ರಾರಂಭಿಕ ಪ್ರಯೋಗದಲ್ಲಿ ಹಲವು ಕೇಂದ್ರಗಳಲ್ಲಿ ಬೆಳೆಯುತ್ತಾರೆ. ರಾಷ್ಟ್ರಕ್ಕೂ ವಲಯಕ್ಕೂ ಸ್ಥಳಕ್ಕೂ ಸೇರಿದ ಹೋಲಿಕೆಯ ತಳಿಗಳು ಅದರ ಪಕ್ಕದಲ್ಲಿ ನಿಲ್ಲುತ್ತವೆ. ಅವುಗಳಿಗಿಂತ ನಿಗದಿಯಾದ ಪ್ರಮಾಣದಷ್ಟು ಮೇಲಾದವು ಮಾತ್ರ ಮುಂದಿನ ವರ್ಷದ ಪ್ರಯೋಗಕ್ಕೆ ಬಡ್ತಿ ಪಡೆಯುತ್ತವೆ. ಹೀಗೆ ಒಟ್ಟು ಮೂರು ವರ್ಷ. ಬೆಂಕಿರೋಗ, ಅಂಗಮಾರಿ, ಕಂದು ಜಿಗಿಹುಳು ಮೊದಲಾದವುಗಳು ಉಗ್ರವಾಗಿರುವ ಸ್ಥಳಗಳಲ್ಲಿ ಬೇರೆ ಪರೀಕ್ಷೆ. ಗಿರಣಿಯಲ್ಲಿ ಇಡೀ ಅಕ್ಕಿ ಎಷ್ಟು ಉಳಿಯುವುದೆಂಬ ಪರೀಕ್ಷೆ. ಅನ್ನದ ಗುಣದ ಪರೀಕ್ಷೆ. ವರ್ಷಕ್ಕೊಮ್ಮೆ ಸೇರುವ ಸಭೆಯಲ್ಲಿ ಅಂಕಿಗಳನ್ನು ಮುಂದಿಟ್ಟು ಬಡ್ತಿಯನ್ನೂ ತಿರಸ್ಕಾರವನ್ನೂ ನಿರ್ಧರಿಸುತ್ತಾರೆ. ಬಿಡುಗಡೆ ಮತ್ತು ಅಧಿಸೂಚನೆಗಳು ಅದರ ಮೇಲಣ ಹಂತಗಳು.

೫

ಇಷ್ಟು ಎಚ್ಚರಿಕೆಯ ವ್ಯವಸ್ಥೆಗೂ ಮಿತಿಯುಂಟೆಂಬುದಕ್ಕೆ ಸಿಂಧನೂರಿನ ಗದ್ದೆಗಳೇ ಸಾಕ್ಷಿ. ಕಟಕದಲ್ಲಿ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ನಡೆದ ಇಂಡಿಕಾ-ಜಪಾನಿಕಾ ಸಂಕರಣ ಕಾರ್ಯದಿಂದ ಹುಟ್ಟಿದ ಸಂತತಿಯೊಂದು ಮಲೇಷ್ಯಾದಲ್ಲಿ ಆಯ್ಕೆಗೊಂಡು ೧೯೬೫ರಲ್ಲಿ ಮಾಹ್ಸೂರಿ ಎಂಬ ಹೆಸರಿನಿಂದ ಬಿಡುಗಡೆಯಾಯಿತು. ಅದು ಭಾರತಕ್ಕೆ ಬಂದಾಗ ಇಲ್ಲಿಯ ಪರೀಕ್ಷಕರು ಅದನ್ನು ಕೈಬಿಟ್ಟರು. ಗಿಡವು ಎತ್ತರವಾಗಿದ್ದು, ಗೊಬ್ಬರ ಹೆಚ್ಚಾದರೆ ಒರಗಿ ಬೀಳುತ್ತಿದ್ದಿತು. ಗಿಡ್ಡ ತಳಿಗಳನ್ನು ಅರಸುತ್ತಿದ್ದ ಆ ಕಾಲದ ಅಳತೆಗೋಲಿನಲ್ಲಿ ಇದು ದೊಡ್ಡ ದೋಷವೇ ಸರಿ. ಆದರೆ ಆಂಧ್ರದ ಕೃಷಿಕಾರ್ಮಿಕನೊಬ್ಬನ ಕೈಯಿಂದ ಅದರ ಬೀಜವು ಹೊರಗೆ ಹೋಗಿ, ರೈತರಿಂದ ರೈತರಿಗೆ ಹರಡಿತೆಂದು ಕೃಷಿಸಾಹಿತ್ಯವು ದಾಖಲಿಸಿದೆ. ಕಡಮೆ ಗೊಬ್ಬರದಲ್ಲಿಯೂ ಬೆಳೆಯುವ, ಅನ್ನಕ್ಕೆ ರುಚಿಯಾದ, ಹುಲ್ಲನ್ನೂ ಧಾರಾಳವಾಗಿ ಕೊಡುವ ಈ ಭತ್ತವು ಕೆಲವೇ ವರ್ಷಗಳಲ್ಲಿ ದೇಶದ ಪ್ರಮುಖ ತಳಿಗಳಲ್ಲೊಂದಾಯಿತು.

ಆಂಧ್ರದ ಬಾಪಟ್ಲ ಕೇಂದ್ರದಲ್ಲಿ ಈ ತಿರಸ್ಕೃತ ತಳಿಯನ್ನೇ ಸಂಕರಕ್ಕೆ ಬಳಸಿ ಸೋನಾ ಮಸೂರಿ ಎಂದು ಹೆಸರಾದ ಬಿ.ಪಿ.ಟಿ. ೩೨೯೧ನ್ನೂ, ೧೯೮೬ರಲ್ಲಿ ಬಿಡುಗಡೆಯಾದ ಸಾಂಬಾ ಮಸೂರಿ ಅಥವಾ ಬಿ.ಪಿ.ಟಿ. ೫೨೦೪ನ್ನೂ ಪಡೆದರು. ಇಂದು ಸಿಂಧನೂರು, ಗಂಗಾವತಿಗಳ ಅಕ್ಕಿಗೆ ಹೊರಗಿನ ಪೇಟೆಗಳಲ್ಲಿ ಇರುವ ಕೀರ್ತಿಯು ಬಹುಮಟ್ಟಿಗೆ ಈ ವಂಶದ್ದು. ವ್ಯಾಪಾರದಲ್ಲಿ ಸೋನಾ ಮಸೂರಿ ಎಂಬುದು ಈ ಬಗೆಯ ಸಣ್ಣಕ್ಕಿಗೆಲ್ಲ ಸಲ್ಲುವ ಹೆಸರಾಗಿದೆ. ಬಾಗಿಲಿನಲ್ಲಿ ತಡೆಯಲ್ಪಟ್ಟದ್ದೇ ಈ ನಾಡಿನ ಬೆಳೆಗೆ ತಾಯಿಯಾಯಿತು.

ಇದರಿಂದ ಪರೀಕ್ಷಕರು ಅಜ್ಞರಾಗಿದ್ದರೆಂದು ತೀರ್ಮಾನಿಸುವುದು ಅನ್ಯಾಯ. ಅವರು ಕಂಡ ದೋಷವು ನಿಜವಾದ ದೋಷವೇ. ಅಳೆದುದನ್ನು ಸರಿಯಾಗಿಯೇ ಅಳೆದರು. ಅಳೆಯದೆ ಬಿಟ್ಟದ್ದು ಬಡರೈತನ ಅಗತ್ಯವನ್ನು. ಅಂತೆಯೇ ರೈತರ ಮೆಚ್ಚುಗೆಯನ್ನೇ ಅಂತಿಮ ಪ್ರಮಾಣವೆಂದು ತಿಳಿಯುವುದೂ ತರವಲ್ಲ. ಸಾಂಬಾ ಮಸೂರಿಯನ್ನು ರೈತನೂ ಗಿರಣಿಯವನೂ ಉಣ್ಣುವವನೂ ಮೆಚ್ಚಿದರು. ಆದರೆ ಅದು ಅಂಗಮಾರಿ ರೋಗವನ್ನು ತಡೆಯಲಾರದು, ಸುಮಾರು ೧೫೦ ದಿನ ನೀರನ್ನು ಬೇಡುತ್ತದೆ. ರೋಗನಿರೋಧಕವಾದ ಮೂರು ವಂಶವಾಹಿಗಳನ್ನು ಸೇರಿಸಿ ಸುಧಾರಿಸಿದ ಸಾಂಬಾ ಮಸೂರಿಯು ೨೦೦೮ರಲ್ಲಿ ಹೊರಬಂದಿತು. ಅಂದರೆ ಮೂಲ ತಳಿಯ ಬಿಡುಗಡೆಗೂ ಅದರ ಮುಖ್ಯ ಕುಂದಿನ ಪರಿಹಾರಕ್ಕೂ ೨೨ ವರ್ಷಗಳ ಅಂತರ. ಈ ಅವಧಿಯಲ್ಲಿ ಉಳಿದ ಸಂಶಯದ ಬೆಲೆಯನ್ನು ಗದ್ದೆಯವನೇ ತೆತ್ತನು.

೬

ಇದೇ ಸಮಸ್ಯೆಯು ನಮ್ಮ ಕಾಲದಲ್ಲಿ ತೀರ ಬೇರೆಯಾದ ಕ್ಷೇತ್ರವೊಂದರಲ್ಲಿಯೂ ತಲೆದೋರಿ, ಅಲ್ಲಿ ಸ್ಪಷ್ಟವಾದ ನಿಯಮಗಳನ್ನು ಪಡೆದಿದೆ. ಅದು ಗಣಕಯಂತ್ರದ ತಂತ್ರಾಂಶದ ಕ್ಷೇತ್ರ. ಹೋಲಿಕೆಯಿಂದ ನಮ್ಮ ವಿಷಯವು ವಿಶದವಾಗುವುದರಿಂದ ಅದನ್ನು ಇಲ್ಲಿ ಪ್ರಸ್ತಾಪಿಸುತ್ತೇವೆ. ೧೯೯೩ರಲ್ಲಿ ಆರಂಭವಾದ ಡೆಬಿಯನ್ ಎಂಬ ಸ್ವಯಂಸೇವಕರ ಸಂಘಟನೆಯು ಸಹಸ್ರಾರು ತಂತ್ರಾಂಶಗಳನ್ನು ಪೊಟ್ಟಣಗಳಾಗಿ ಕಟ್ಟಿ ಜಗತ್ತಿಗೆ ಹಂಚುತ್ತದೆ. ಹೊಸ ಪೊಟ್ಟಣವು ಮೊದಲು ಅಸ್ಥಿರವೆಂಬ ಶಾಖೆಗೆ ಬರುತ್ತದೆ. ಕೊನೆಯದು ಸ್ಥಿರವೆಂಬ ಶಾಖೆ. ಇವೆರಡರ ನಡುವೆ ೨೦೦೦ದಲ್ಲಿ ಪರೀಕ್ಷಾಶಾಖೆಯನ್ನು ನಿರ್ಮಿಸಲಾಯಿತು. ಅಸ್ಥಿರ ಶಾಖೆಯಿಂದ ಪರೀಕ್ಷಾಶಾಖೆಗೆ ದಾಟಲು ಪೊಟ್ಟಣವು ಅದರ ತುರ್ತಿಗೆ ಅನುಸಾರವಾಗಿ ಸಾಮಾನ್ಯವಾಗಿ ೧೦, ೫ ಅಥವಾ ೨ ದಿನ ಕಾದಿರಬೇಕು. ಪರೀಕ್ಷಾಶಾಖೆಯಲ್ಲಿ ಈಗಾಗಲೇ ಇರುವ ಆವೃತ್ತಿಯಲ್ಲಿಲ್ಲದ ಹೊಸ ಗುರುತರ ದೋಷವು ವರದಿಯಾಗಿರಕೂಡದು. ಅದು ಅವಲಂಬಿಸಿರುವ ಇತರ ಪೊಟ್ಟಣಗಳು ಅಲ್ಲಿ ದೊರೆಯುವಂತಿರಬೇಕು. ಅದರ ಪ್ರವೇಶದಿಂದ ಅಲ್ಲಿರುವ ಬೇರೊಂದು ಕೆಡಕೂಡದು. ಈ ಷರತ್ತುಗಳನ್ನು ಯಂತ್ರವೇ ಪರಿಶೀಲಿಸುತ್ತದೆ. ತಡೆದರೆ ತಡೆದ ಕಾರಣವನ್ನು ಎಲ್ಲರೂ ಓದಬಹುದು. ವಿಶೇಷ ಸಂದರ್ಭಗಳಲ್ಲಿ ಮಾತ್ರ ಬಿಡುಗಡೆಯ ಹೊಣೆಹೊತ್ತ ತಂಡವು ಕೈಹಾಕುತ್ತದೆ.

ಸಮನ್ವಿತ ಪ್ರಯೋಗದ ಬಾಗಿಲುಗಳಿಗೂ ಇದಕ್ಕೂ ಇರುವ ಸಾಮ್ಯವು ವಿದಿತವಾಗಿದೆ. ಇಲ್ಲಿಯೂ ಮೊದಲ ಬಾಗಿಲಿನಲ್ಲಿ ನಿರ್ದೋಷತೆಯನ್ನು ಬೇಡುವುದಿಲ್ಲ. ಈಗಿರುವುದಕ್ಕಿಂತ ಕೆಟ್ಟದ್ದಾಗಿರಬಾರದೆಂಬುದೇ ಬೇಡಿಕೆ. ಕಾಯುವ ದಿನಗಳ ಅರ್ಥವನ್ನೂ ಇದು ತಿಳಿಸಿಕೊಡುತ್ತದೆ. ಕಾಲವು ತಾನಾಗಿ ಯಾವುದನ್ನೂ ಪಕ್ವಗೊಳಿಸುವುದಿಲ್ಲ. ಆ ಹತ್ತು ದಿನಗಳಲ್ಲಿ ಯಾರಾದರೂ ಅದನ್ನು ಬಳಸಿ ದೂರನ್ನು ಬರೆದು ಕಳುಹಿಸುವಂತಿದ್ದರೆ ಮಾತ್ರ, ದೂರು ಬಾರದಿದ್ದುದು ಪ್ರಮಾಣವಾಗುತ್ತದೆ. ಬಳಸುವವರೇ ಇಲ್ಲದೆಡೆ ಮೌನವು ಏನನ್ನೂ ಸಾಧಿಸುವುದಿಲ್ಲ.

ಆದರೆ ಒಂದು ಅಂತರವನ್ನು ಮರೆಯಲಾಗದು. ಕೆಟ್ಟ ಪೊಟ್ಟಣವನ್ನು ಮರುದಿನವೇ ಸರಿಪಡಿಸಿ ಕಳುಹಿಸಬಹುದು. ನಾಟಿಮಾಡಿದ ಸಸಿಯನ್ನು ಹಿಂದಕ್ಕೆ ಕರೆಯಲಾಗದು. ತಳಿಯ ಸೋಲು ತಿಳಿಯುವ ಹೊತ್ತಿಗೆ ಸಾಲವೂ ಹಂಗಾಮೂ ಮುಗಿದಿರುತ್ತವೆ.

೭

ಈ ಬೆಳಕಿನಲ್ಲಿ ಎಡದಂಡೆಯನ್ನು ನೋಡಿದರೆ ಎರಡು ಅಂಶಗಳು ಎದ್ದುಕಾಣುತ್ತವೆ.

ಮೊದಲನೆಯದು, ಬೀಜದ ಸತ್ಯಕ್ಕೂ ತಳಿಯ ಯೋಗ್ಯತೆಗೂ ಇರುವ ಭೇದ. ೧೯೬೬ರ ಬೀಜ ಅಧಿನಿಯಮವು ಅಧಿಸೂಚಿತ ತಳಿಗಳ ಬೀಜಕ್ಕೆ ಪ್ರಮಾಣೀಕರಣದ ವ್ಯವಸ್ಥೆ ಮಾಡಿತು. ಪ್ರಮಾಣಿತ ಭತ್ತದ ಬೀಜದಲ್ಲಿ ಶುದ್ಧ ಬೀಜವು ಶೇಕಡ ೯೮ಕ್ಕೂ, ಮೊಳಕೆಯು ಶೇಕಡ ೮೦ಕ್ಕೂ ಕಡಮೆಯಾಗಕೂಡದು. ತೇವವು ಶೇಕಡ ೧೩ನ್ನು ಮೀರಕೂಡದು. ಚೀಲಕ್ಕೆ ನೀಲಿ ಚೀಟಿ ಹೊಲಿದಿರಬೇಕು. ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿರುವ ಕೇಂದ್ರ ಸರ್ಕಾರದ ವಿಶಾಲವಾದ ಬೀಜಕ್ಷೇತ್ರವು ಇಂತಹ ಬೀಜೋತ್ಪಾದನೆಗಾಗಿಯೇ ಇರುವುದು. ಮೊದಲು ರಾಜ್ಯ ಕೃಷಿಕ್ಷೇತ್ರಗಳ ನಿಗಮಕ್ಕೆ ಸೇರಿದ್ದ ಅದು ೨೦೧೪ರಿಂದ ರಾಷ್ಟ್ರೀಯ ಬೀಜ ನಿಗಮಕ್ಕೆ ಸೇರಿದೆ. ನೀಲಿ ಚೀಟಿಯು ಚೀಲದಲ್ಲಿ ಇರುವುದು ಹೇಳಿದ ತಳಿಯೇ ಎಂದು ಸಾರುತ್ತದೆ. ಆ ತಳಿಯು ಈ ಹೊಲಕ್ಕೆ ಸಿದ್ಧವಾಗಿದೆಯೆಂದು ಅದು ಸಾರುವುದಿಲ್ಲ. ಚೀಟಿಯನ್ನು ನಂಬಿ ಎರಡನೆಯದನ್ನೂ ಊಹಿಸಿಕೊಳ್ಳುವುದು ಸಾಮಾನ್ಯವಾದ ತಪ್ಪು.

ಎರಡನೆಯದು, ಕಾಲುವೆಯ ಕೊನೆಭಾಗದ ಪ್ರಶ್ನೆ. ಪ್ರಯೋಗದ ಪಾತಿಗೆ ನೀರೂ ಗೊಬ್ಬರವೂ ಗೊತ್ತಾದ ದಿನ ದೊರೆಯುತ್ತವೆ. ಹಾಗಿಲ್ಲದಿದ್ದರೆ ತಳಿಗಳನ್ನು ಹೋಲಿಸುವುದೇ ಅಸಾಧ್ಯ. ಸವಳು ನೆಲಕ್ಕೆ ಪ್ರತ್ಯೇಕ ಪ್ರಯೋಗಗಳುಂಟು; ಗಂಗಾವತಿಯ ಕೇಂದ್ರವು ಆ ಸಂಶೋಧನೆಗೆ ಹೆಸರಾಗಿದೆ. ಆದರೆ ಈ ವಾರ ಬಂದು ಮುಂದಿನ ವಾರ ಬಾರದ ನೀರನ್ನು ಪಾತಿಯಲ್ಲಿ ಅನುಕರಿಸುವುದು ಸುಲಭವಲ್ಲ. ಬೇಸಿಗೆಯ ಬೆಳೆಗೆ ನೀರು ಸಿಗುವುದೇ ಎಂಬುದು ಜಲಾಶಯದ ಮಟ್ಟವನ್ನೂ ನೀರಾವರಿ ಸಲಹಾ ಸಮಿತಿಯ ತೀರ್ಮಾನವನ್ನೂ ಅವಲಂಬಿಸಿದೆ. ತಲೆಭಾಗದ ಗದ್ದೆಯಲ್ಲಿ ೧೫೦ ದಿನದ ತಳಿಯು ಸಿದ್ಧವಾದದ್ದು. ಮಸ್ಕಿಯ ಕಡೆಯ ಕೊನೆಯ ತೂಬಿನ ಕೆಳಗೆ ಅದೇ ತಳಿಯು ಒಂದು ಪಣ. ಅಲ್ಲಿಂದ ದೂರು ಬಾರದಿದ್ದರೆ, ಅದು ತಳಿಯ ಗುಣದಿಂದಲೋ ದೂರನ್ನು ಬರೆದುಕೊಳ್ಳುವವರು ಇಲ್ಲದುದರಿಂದಲೋ ಎಂದು ವಿಚಾರಿಸಬೇಕಾಗುತ್ತದೆ.

ಈ ಭಾರವನ್ನು ಹಂಚುವ ಪ್ರಯತ್ನವನ್ನು ಶಾಸನವೂ ಮಾಡಿದೆ. ೨೦೦೧ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮದ ಮೇರೆಗೆ, ನೋಂದಾಯಿತ ತಳಿಯ ಬೀಜವನ್ನು ಮಾರಿದಾಗ ಅದು ಇಂತಹ ಸ್ಥಿತಿಯಲ್ಲಿ ಇಂತಹ ಫಲ ಕೊಡುವುದೆಂದು ತಳಿ ರೂಪಿಸಿದವನು ತಿಳಿಸಬೇಕು; ಆ ಸ್ಥಿತಿಯಲ್ಲಿಯೂ ಅದು ಸೋತರೆ ರೈತನು ಪರಿಹಾರ ಕೇಳಬಹುದು. ಇಲ್ಲಿ ತೂಕವಿರುವ ಮಾತು ಇಂತಹ ಸ್ಥಿತಿಯಲ್ಲಿ ಎಂಬುದೇ. ಸ್ಥಿತಿಯನ್ನು ಹೇಳದೆ ಸಿದ್ಧವೆನ್ನುವುದಕ್ಕೆ ಅರ್ಥವಿಲ್ಲ.

೮

ಮೇಲಣ ವಿವೇಚನೆಯಿಂದ ನಾವು ತಲಪುವ ನಿರ್ಣಯವಿಷ್ಟು. ಸಿದ್ಧತೆಯು ಬೀಜದೊಳಗೆ ಅಡಗಿರುವ ಗುಣವಲ್ಲ. ಉಳಿದ ಸಂಶಯವನ್ನು ಯಾರು, ಎಷ್ಟು ದಿನ, ಯಾವ ಸ್ಥಿತಿಯಲ್ಲಿ ಹೊರುವರೆಂಬ ಒಡಂಬಡಿಕೆಯಾಗಿದೆ. ಹಳೆಯ ಒಕ್ಕಲಿಗನು ಅದನ್ನು ತನ್ನೊಡನೆ ತಾನೇ ಮಾಡಿಕೊಳ್ಳುತ್ತಿದ್ದನು. ಇಂದು ಅದನ್ನು ದೂರದ ಸಭೆಯು ಅವನ ಪರವಾಗಿ ಮಾಡುತ್ತದೆ. ಆದುದರಿಂದ ಆ ಸಭೆಯು ಏಕೆ ಒಪ್ಪಿತು, ಏಕೆ ತಿರಸ್ಕರಿಸಿತು ಎಂಬ ಕಾರಣಗಳು ಅವನಿಗೂ ಓದುವಂತಿರುವುದು ನ್ಯಾಯ.

ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವುಂಟು. ಬಿಡುಗಡೆಯಾದ ತಳಿಗಳ ಹೆಸರುಗಳು ಪುಸ್ತಕಗಳಲ್ಲಿ ಉಳಿಯುತ್ತವೆ; ತಡೆಯಲ್ಪಟ್ಟವುಗಳ ಕಥೆಯು ಕ್ಷೇತ್ರಪುಸ್ತಕಗಳಲ್ಲಿ ಧೂಳು ಹಿಡಿಯುತ್ತದೆ, ಇಲ್ಲವೆ ಹಿರಿಯ ರೈತರ ನೆನಪಿನೊಡನೆ ಅಳಿಯುತ್ತದೆ. ಮಾಹ್ಸೂರಿಯಂತೆ ಬಾಗಿಲಿನ ಹೊರಗೆ ಉಳಿದು ಬದುಕಿದ ಬೀಜಗಳು ಈ ಮೂರು ತಾಲ್ಲೂಕುಗಳಲ್ಲಿ ಇನ್ನೆಷ್ಟಿದ್ದವು, ಕ್ಯಾಂಪುಗಳಿಂದ ಹಳ್ಳಿಗಳಿಗೆ ಯಾವ ತಳಿಯು ಯಾವ ವರ್ಷ ನಡೆದುಬಂದಿತು, ಕೊನೆಯ ತೂಬಿನ ರೈತನು ಯಾವುದನ್ನು ಏಕೆ ಬಿಟ್ಟನು ಎಂಬುದನ್ನು ಊರೂರಿಗೆ ಹೋಗಿ ಬರೆದಿಟ್ಟುಕೊಳ್ಳುವುದು ಅವಶ್ಯವಾಗಿದೆ. ಮಸ್ಕಿಯ ಬಂಡೆಯು ೭೮ ವರ್ಷಗಳ ಅನಂತರವೂ ಸಾಕ್ಷ್ಯ ಹೇಳಲು ಅಲ್ಲಿಯೇ ಉಳಿದಿದ್ದಿತು. ಬೀಜಕ್ಕೂ ನೆನಪಿಗೂ ಅಷ್ಟು ಬಾಳಿಕೆಯಿಲ್ಲ.